ಲೋಟಿನ್ಸ್ಕಿ ಪರಿಣಾಮ

“ಇದೇನು ಅಂತ ಯಾರಿಗಾದ್ರೂ ಗೊತ್ತಾ?” ಎಂದು ಕ್ಯಾಂಟೀನಿನ ಮೇಜಿನ ಮೇಲೆ ಟ್ರಿವಿಯಲ್ ಬೆರಳಿಟ್ಟ. ಯಾರದೋ ಟೀ ಲೋಟ ಬಿಟ್ಟುಹೋದ ಕಂದು ಉಂಗುರ ಅಲ್ಲಿ ಒಣಗಿತ್ತು. ಪೂರ್ತಿ ಉಂಗುರವಲ್ಲ; ಅಲ್ಲಲ್ಲಿ ಕಡಿದು, ಚಿಕ್ಕ ಚಿಕ್ಕ ತುಂಡುಗಳಾಗಿ ನಿಂತಿತ್ತು. ಗೋಡೆಯಾಚೆಯ ಪ್ರಯೋಗಾಲಯದಲ್ಲಿ ಹಳೆಯ ಪಂಪೊಂದು ಹಗಲೆಲ್ಲ ಗುಡುಗುಡು ಎನ್ನುತ್ತಿದ್ದರಿಂದ ಆ ಮೇಜು ಸದಾ ಸಣ್ಣಗೆ ನಡುಗುತ್ತಿತ್ತು.

ಸುತ್ತ ಕೂತಿದ್ದವರೆಲ್ಲ ಭೌತಶಾಸ್ತ್ರ ವಿಭಾಗದ ಸಂಶೋಧನಾ ವಿದ್ಯಾರ್ಥಿಗಳು. ಟೀ ಅವರಿಗೆ ಒಂದು ನೆಪ. ಓದದೇ ಇದ್ದ ಸಂಶೋಧನಾ ಪೇಪರನ್ನು ಓದಿದ್ದೇನೆ ಅನ್ನುವುದಕ್ಕೆ, ಪಕ್ಕದವನ ಸಮೀಕರಣದ ಕಡೆ ನೋಡಿ ತುಟಿ ಕೊಂಕಿಸುವುದಕ್ಕೆ ಒಂದು ಜಾಗ ಬೇಕಿತ್ತು, ಅಷ್ಟೆ. ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದಿದ್ದವನು ಟ್ರಿವಿಯಲ್. ಯಾರು ಏನೇ ಕೇಳಿದರೂ “ಅದು ಟ್ರಿವಿಯಲ್ಲು” ಅನ್ನುತ್ತಿದ್ದ. ಅಂದರೆ ಬಾಯಿ ನೋಯಿಸಿಕೊಂಡು ಹೇಳುವಷ್ಟು ಅದರಲ್ಲಿ ಏನೂ ಇಲ್ಲ ಎಂದು. ಹೀಗೆ ಅಂದ ಮೇಲೆ ವಿವರಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಆ ಮಾತೇ ಅವನಿಗೆ ಹೆಸರಾಗಿ ಅಂಟಿಕೊಂಡಿತ್ತು. ಅವನದು ಹನ್ನೊಂದು ಆಯಾಮಗಳ ಜಗತ್ತಿನ ಬಗೆಗಿನ ಸಂಶೋಧನೆ. ಕಣ್ಣಿಗೆ ಕಾಣದ ಆಯಾಮಗಳಿಗೆ ಹೋಗಿ ಪರೀಕ್ಷಿಸಿ ಬರುವವರು ಯಾರೂ ಇಲ್ಲದ್ದರಿಂದ ಅವನ ವರ್ಷಗಳು ಸುಖವಾಗಿಯೇ ಕಳೆದಿದ್ದವು.

“ಟೀ ಕಲೆ,” ಎಂದಳು ಎದುರಿಗಿದ್ದವಳು. ಬೆಸುಗೆ ಹಾಕುವ ಕಡ್ಡಿ ತಾಗಿ ತಾಗಿ ಬೆರಳ ತುದಿ ಸುಟ್ಟುಕೊಂಡಿದ್ದ ಅವಳನ್ನು ಎಲ್ಲರೂ ಬೆಸುಗೆ ಎಂದೇ ಕರೆಯುತ್ತಿದ್ದರು. ಗೋಡೆಯಾಚೆ ಗುಡುಗುಡು ಅನ್ನುತ್ತಿದ್ದ ಪಂಪು ಅವಳದೇ.

“ಟೀ ಕಲೆಯಂತೆ!” ಟ್ರಿವಿಯಲ್ ಕಣ್ಣು ಮುಚ್ಚಿ ನಕ್ಕ. “ಪ್ರಯೋಗ ಮಾಡೋರ ಬಾಯಲ್ಲಿ ಇನ್ನೇನು ಬರತ್ತೆ. ಇದು ಲೋಟಿನ್ಸ್ಕಿ ಪರಿಣಾಮ. ನಡುಗೋ ಮೇಲ್ಮೈ ಮೇಲೆ ದ್ರವ ಒಣಗಿದ್ರೆ ಉಂಗುರ ಒಡೆದು ತುಂಡಾಗತ್ತೆ. ನಡುಕ ಜಾಸ್ತಿ ಆದಷ್ಟೂ ತುಂಡು ಜಾಸ್ತಿ. ಓದಿಲ್ವಾ?”

ಲೋಟಿನ್ಸ್ಕಿ ಎನ್ನುವ ಮನುಷ್ಯ ಹುಟ್ಟಿದ್ದು ಆ ಕ್ಷಣದಲ್ಲಿ, ಟ್ರಿವಿಯಲ್‌ನ ಕೈಯಲ್ಲಿದ್ದ ಲೋಟ ನೋಡಿ. ಯಾರಾದರೂ ಥಟ್ಟನೆ ನಗುತ್ತಾರೆ ಎಂದು ಅವನು ಒಂದು ಗಳಿಗೆ ಕಾದ. ಯಾರೂ ನಗಲಿಲ್ಲ. ಮೇಜಿನ ತುದಿಯಲ್ಲಿ ಕೂತಿದ್ದ, ಎಲ್ಲರೂ ಅಡಿಟಿಪ್ಪಣಿ ಎಂದು ಕರೆಯುತ್ತಿದ್ದವನು ಗಂಟಲು ಸರಿಮಾಡಿಕೊಂಡ. ಯಾರು ಏನು ಹೇಳಿದರೂ ಅದರ ಕೆಳಗೆ ತನ್ನದೊಂದು ಸಾಲು ಸೇರಿಸದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

“ಮೂಲ ಪೇಪರು ತುಂಬ ಹಳೇದು. ಅನುವಾದ ಅಷ್ಟೇನೂ ಚೆನ್ನಾಗಿಲ್ಲ,” ಎಂದ.

ಬೆಸುಗೆ ಇಬ್ಬರನ್ನೂ ನೋಡಿದಳು. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಆ ಮೇಜಿನಲ್ಲಿ ಆ ಮಾತು ಆಡಿದವರು ಮುಂದಿನ ವಾರದಿಂದ ಬೇರೆ ಮೇಜಿಗೆ ಹೋಗಿ ಕೂರಬೇಕಾಗುತ್ತಿತ್ತು.

“ಓದಿದೀನಿ ಕಣೋ. ಮೊದಲನೇ ಭಾಗ ಪರವಾಗಿಲ್ಲ, ಎರಡನೇದು ಬರೀ ಜೊಳ್ಳು,” ಎಂದಳು.

ಟ್ರಿವಿಯಲ್‌ಗೆ ಆ ದಿನ ಹೊಟ್ಟೆ ತುಂಬಿಹೋಯಿತು.

ಆಮೇಲೆ ಲೋಟಿನ್ಸ್ಕಿ ತನ್ನಷ್ಟಕ್ಕೆ ತಾನೇ ಬೆಳೆದ. ಅಡಿಟಿಪ್ಪಣಿಯ ಬಾಯಲ್ಲಿ ಅವನಿಗೊಬ್ಬ ಶಿಷ್ಯ ಹುಟ್ಟಿಕೊಂಡ. ಗುರುಶಿಷ್ಯರಿಗೆ ಜಗಳವೂ ಆಯಿತು. ಮೊದಲ ವರ್ಷದವರಿಗೆ ಪಾಠ ಹೇಳುವ ಮೇಷ್ಟ್ರೊಬ್ಬರು, ವಿದ್ಯಾರ್ಥಿಗಳಿಗೆ ತಿಳಿದದ್ದು ತಮಗೆ ತಿಳಿಯದಿದ್ದರೆ ಹೇಗೆ ಎಂದು, ತರಗತಿಯಲ್ಲಿ ಒಮ್ಮೆ “ಲೋಟಿನ್ಸ್ಕಿ ಮುಂತಾದವರು” ಎಂದು ಹೇಳಿ ಮುಂದೆ ಹೋದರು. ಟ್ರಿವಿಯಲ್ ಎಲ್ಲವನ್ನೂ ಕೇಳುತ್ತಿದ್ದ. ಅವನಿಗೆ ಈ ಜನರ ಮೇಲೆ ಮೊದಲಿನಿಂದಲೂ ಇದ್ದ ತಾತ್ಸಾರಕ್ಕೆ ಈಗ ಪುರಾವೆ ಸಿಕ್ಕಿತ್ತು. ಎದುರಾದವರ ನಮಸ್ಕಾರಕ್ಕೆ ಅವನು ನಗುವ ರೀತಿಯೇ ಬೇರೆಯಾಯಿತು.

ಅವನ ಅಕ್ಕ ಆಗಾಗ ಫೋನು ಮಾಡುತ್ತಿದ್ದಳು. “ಎಲ್ಲಿಗೆ ಬಂತೋ ನಿನ್ನ ಥೀಸಿಸ್ಸು? ಅಪ್ಪ ಕೇಳ್ತಾ ಇರ್ತಾರೆ.”

“ಇಲ್ಲಿ ಇರೋರೆಲ್ಲ ದಡ್ಡರು ಕಣಕ್ಕಾ.”

“ಅವರ ವಿಷಯ ಬಿಡೋ. ನಿಂದು ಏನಾಯ್ತು?”

“ನಡೀತಾ ಇದೆ,” ಎನ್ನುತ್ತಿದ್ದ. ನಡೆಯುತ್ತಿರಲಿಲ್ಲ. ಅವನು ಬರೆದ ಕೊನೆಯ ಅಧ್ಯಾಯದ ಮೊದಲ ಪುಟದಲ್ಲಿ ‘ಸುಲಭವಾಗಿ ತೋರಿಸಬಹುದಾದಂತೆ’ ಎಂದು ಒಂದು ಸಾಲಿತ್ತು. ಅದರ ಮುಂದೆ ಏನನ್ನು ತೋರಿಸಬೇಕು ಎಂಬುದು ಅವನಿಗೂ ಹೊಳೆದಿರಲಿಲ್ಲ.

ಇತ್ತ ಬೆಸುಗೆ ಲೋಟಿನ್ಸ್ಕಿಗಾಗಿ ಲೈಬ್ರರಿಯನ್ನೆಲ್ಲ ಜಾಲಾಡಿದ್ದಳು. ಕಂಪ್ಯೂಟರಿನಲ್ಲಿ ಹುಡುಕಿದಳು, ಹೆಸರಿನ ಅಕ್ಷರಗಳನ್ನು ಹಿಂದೆಮುಂದೆ ಮಾಡಿ ಹುಡುಕಿದಳು, ನೆಲಮಾಳಿಗೆಗೆ ಇಳಿದು ದೂಳು ಹಿಡಿದ ಸಂಪುಟಗಳನ್ನು ಬಿಚ್ಚಿ ಸೀನಿದಳು. ಸಿಗಲಿಲ್ಲ. ಅಂಥ ಪೇಪರೇ ಇಲ್ಲ ಎಂದು ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ. ಅಡಿಟಿಪ್ಪಣಿಗೆ ಸಿಕ್ಕಿದ್ದು ತನಗೆ ಸಿಗುತ್ತಿಲ್ಲವಲ್ಲ ಎಂದೇ ಹೊಟ್ಟೆ ಉರಿಯಿತು. ಹೋಗಿ ಕೇಳುವಂತಿರಲಿಲ್ಲ. ಎರಡನೇ ಭಾಗ ಜೊಳ್ಳು ಎಂದು ತೀರ್ಪು ಕೊಟ್ಟವಳು ಮೊದಲನೇ ಭಾಗ ಎಲ್ಲಿದೆ ಎಂದು ಯಾವ ಮುಖ ಇಟ್ಟುಕೊಂಡು ಕೇಳಬೇಕು? ಯಾರಾದರೂ ಎಲ್ಲರೆದುರು ಪ್ರಶ್ನೆ ಹಾಕಿದರೆ ಮಾನ ಉಳಿಯಬೇಕಲ್ಲ ಎಂದು ಅವಳು ತಾನೇ ಅದನ್ನು ಮಾಡಿ ನೋಡಲು ಕೂತಳು.

ಗಾಜಿನ ಹಲಗೆಯ ಮೇಲೆ ಬಣ್ಣದ ನೀರು, ಕೆಳಗೆ ಬೇಕಾದ ಹಾಗೆ ನಡುಗಿಸುವ ಒಂದು ಸ್ಪೀಕರು, ಮೇಲೆ ಕ್ಯಾಮೆರಾ. ಮೊದಮೊದಲು ಉಂಗುರ ಒಡೆಯಲೇ ಇಲ್ಲ. ತನ್ನ ಕೈಯೇ ಸರಿಯಿಲ್ಲ, ಲೋಟಿನ್ಸ್ಕಿ ಆ ಕಾಲದಲ್ಲೇ ಮಾಡಿದ್ದನಂತೆ ಎಂದು ತನ್ನನ್ನೇ ಬೈದುಕೊಂಡು ಮತ್ತೆ ಮಾಡಿದಳು. ಒಂದು ಮಧ್ಯಾಹ್ನ ಉಂಗುರ ಒಡೆಯಿತು. ಅವಳು ಊಟಕ್ಕೆ ಹೋಗುವುದನ್ನೂ ಮರೆತು ಆ ಬಣ್ಣದ ತುಂಡುಗಳನ್ನೇ ನೋಡುತ್ತ ಕುಳಿತಳು. ಅಲ್ಲಿಂದ ಮುಂದೆ ಅವಳಿಗೆ ಮಾನದ ವಿಷಯ ಅಷ್ಟಾಗಿ ನೆನಪಾಗಲಿಲ್ಲ. ಕ್ಯಾಂಟೀನಿಗೆ ಬರುವುದೂ ಕಡಿಮೆಯಾಯಿತು. ಅವಳು ಹೆದರಿ ಓಡಿಹೋದಳು ಎಂದು ಟ್ರಿವಿಯಲ್ ಎಲ್ಲರಿಗೂ ಹೇಳಿದ.

ವಿಭಾಗದ ವಾರದ ಸೆಮಿನಾರಿನಲ್ಲಿ ಅವಳ ಸರದಿ ಬಂದ ದಿನ ಕೋಣೆ ಎಂದಿನಂತೆ ಅರ್ಧ ತುಂಬಿತ್ತು. ಮುಂದಿನ ಸಾಲಿನಲ್ಲಿ ವಿಭಾಗದ ಮುಖ್ಯಸ್ಥೆ ಮೇಡಂ ಕಣ್ಣು ಮುಚ್ಚಿ ಕೂತಿದ್ದರು. ಅವರು ಎಲ್ಲ ಸೆಮಿನಾರುಗಳನ್ನೂ ಹೀಗೇ ಕೇಳುತ್ತಿದ್ದರು. ನಿದ್ದೆಯೋ ಧ್ಯಾನವೋ ಎಂದು ಯಾರೂ ಖಚಿತವಾಗಿ ಹೇಳಲಾರದೆ ಇದ್ದದ್ದರಿಂದ ಎಲ್ಲರಿಗೂ ಅವರನ್ನು ಕಂಡರೆ ಭಯ. ಟ್ರಿವಿಯಲ್ ಕೊನೆಯ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡಿದ್ದ.

ಬೆಸುಗೆ ಬೋರ್ಡಿನ ಮೇಲೆ ‘ಲೋಟಿನ್ಸ್ಕಿ ಪರಿಣಾಮ: ಒಂದು ತಿದ್ದುಪಡಿ’ ಎಂದು ಬರೆದಳು.

ಟ್ರಿವಿಯಲ್ ಕೆಮ್ಮಿನ ನೆಪದಲ್ಲಿ ಬಾಯಿ ಮುಚ್ಚಿಕೊಂಡ. ಈ ತಮಾಷೆಯನ್ನು ಇನ್ನೆಷ್ಟೋ ತಿಂಗಳು ಕೂತು ಮೆಲ್ಲಬಹುದು ಎನ್ನಿಸಿತು.

ಅವಳು ಚಿತ್ರಗಳನ್ನು ತೋರಿಸಿದಳು. ಉಂಗುರ, ಒಡೆದ ಉಂಗುರ, ಇನ್ನೂ ಸಣ್ಣಗೆ ಒಡೆದ ಉಂಗುರ. “ನಡುಕ ಜಾಸ್ತಿ ಆದಷ್ಟೂ ತುಂಡು ಜಾಸ್ತಿ ಅಂತ ಲೋಟಿನ್ಸ್ಕಿ ಹೇಳ್ತಾರೆ. ಒಂದು ಹಂತದವರೆಗೆ ಅದು ನಿಜ. ಆದರೆ ಆ ಹಂತ ದಾಟಿದ ಮೇಲೆ ತುಂಡುಗಳು ಮತ್ತೆ ಕೂಡಿಕೊಳ್ಳೋಕೆ ಶುರು ಮಾಡ್ತವೆ. ಇಲ್ಲಿ ನೋಡಿ. ಅವರು ಯಾಕೆ ಇದನ್ನ ಗಮನಿಸಲಿಲ್ಲವೋ ನನಗೆ ಗೊತ್ತಿಲ್ಲ.” ಅವಳು ತಿರುಗಿ ಬೋರ್ಡಿನ ಮೇಲೆ ಲೆಕ್ಕ ಶುರುಮಾಡಿದಳು. ಪ್ರಯೋಗದ ಗ್ರಾಫಿನ ಚುಕ್ಕೆಗಳು ಅವಳ ಲೆಕ್ಕದ ಗೆರೆಯ ಮೇಲೆ ಹೇಳಿಸಿಕೊಂಡವರಂತೆ ಬಂದು ಕೂತಿದ್ದವು.

ಮೇಡಂ ಕಣ್ಣು ತೆರೆದರು. ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು.

ಟ್ರಿವಿಯಲ್ ಹಾಕಿದ್ದ ಕಾಲನ್ನು ಇಳಿಸಿದ. ಅವನು ಆ ವಿಭಾಗದಲ್ಲಿದ್ದ ಇಷ್ಟು ವರ್ಷಗಳಲ್ಲಿ ಮೇಡಂ ಅವನ ಮಾತಿಗೆ ಕಣ್ಣು ತೆರೆದದ್ದಿಲ್ಲ. ಅವನ ಲೋಟದಿಂದ ಹುಟ್ಟಿದ ಗೊಂಬೆಯನ್ನು ಹಿಡಿದುಕೊಂಡು ಈ ತಂತಿ ಸುಡುವವಳು ಮೆರೆಯುತ್ತಿದ್ದಾಳೆ. ಲೆಕ್ಕದ ಮೂರನೇ ಸಾಲಿನಿಂದ ಮುಂದೆ ಅವನಿಗೆ ಅರ್ಥವಾಗಿರಲಿಲ್ಲ ಎಂಬುದು ಬೇರೆ.

ಪ್ರಶ್ನೆಗಳಿದ್ದರೆ ಕೇಳಿ ಎಂದು ಅವಳು ಹೇಳುವ ಮೊದಲೇ ಅವನು ಎದ್ದು ನಿಂತ.

“ಒಂದು ಸಣ್ಣ ಪ್ರಶ್ನೆ. ಲೋಟಿನ್ಸ್ಕಿಯ ಪೇಪರು ಓದಿದೀಯಾ?”

ಬೆಸುಗೆಯ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು. “ಓದಿದೀನಿ,” ಎಂದಳು.

“ಹೇಗೆ ಓದಿದೆ? ಲೋಟಿನ್ಸ್ಕಿ ಅನ್ನೋನು ಇಲ್ಲ. ಲೋಟ ಅಂತ ಇದೆ. ಟೀ ಕುಡೀತಾರಲ್ಲ, ಅದು. ಅದಕ್ಕೆ ನಾನು ಒಂದು ‘ಇನ್ಸ್ಕಿ’ ಸೇರಿಸಿದೆ.” ಅವನು ಸುತ್ತ ತಿರುಗಿ ಎಲ್ಲರನ್ನೂ ನೋಡಿದ. “ನೀವೆಲ್ಲ ಓದಿದೀರಿ ಅಂತ ಗೊತ್ತು. ಇವನಂತೂ ಅನುವಾದ ಬೇರೆ ಓದಿದಾನೆ.”

ಅಡಿಟಿಪ್ಪಣಿ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದ. ಮೊದಲ ವರ್ಷದ ಮೇಷ್ಟ್ರು ಕಿಟಕಿಯ ಆಚೆ ಏನೋ ಬಹಳ ಮುಖ್ಯವಾದದ್ದು ಕಂಡವರಂತೆ ಅತ್ತ ತಿರುಗಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

ಬೆಸುಗೆಯ ಮುಖ ಕಿವಿಯವರೆಗೆ ಕೆಂಪಾಗಿತ್ತು. ನೆಲ ನೋಡುತ್ತ ನಿಂತಿದ್ದಳು. ನಿಧಾನವಾಗಿ ತಲೆ ಎತ್ತಿದಳು.

“ಅಂದ್ರೆ... ಇದನ್ನ ಮೊದಲು ಯಾರೂ ಮಾಡಿಲ್ವಾ?”

“ಯಾರು ಮಾಡ್ತಾರೆ? ಇಲ್ಲದೇ ಇರೋನು ಮಾಡ್ತಾನಾ?”

“ಯಾರೂ ಹೇಳೂ ಇಲ್ಲ?”

“ಎಷ್ಟು ಸಲ ಹೇಳ್ಬೇಕೆ? ಯಾರೂ ಇಲ್ಲ! ಯಾರೂ ಇಲ್ಲವೇ ಇಲ್ಲ!” ಗೆದ್ದವನ ದನಿಯಲ್ಲಿ ಅವನು ಕೂಗಿದ. ಕೋಣೆಯಲ್ಲಿದ್ದವರಿಗೆಲ್ಲ ಅರ್ಥವಾದದ್ದು ಅವನಿಗೆ ಅರ್ಥವಾಗಲು ಇನ್ನೂ ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು.

“ಹಾಗಾದ್ರೆ ಇದು ನಿಂದೇ ಕಣಮ್ಮ,” ಎಂದರು ಮೇಡಂ. “ಆ ಹೆಸರು ಅಳಿಸಿಬಿಡು. ಓದದೇ ಇದ್ದದ್ದನ್ನ ಓದಿದೀನಿ ಅಂದೆಯಲ್ಲ, ಅದರ ಬಗ್ಗೆ ನನ್ನ ಕೋಣೆಗೆ ಬಾ, ಮಾತಾಡೋಣ. ಈಗ ಆ ಎರಡನೇ ಗ್ರಾಫು ಇನ್ನೊಂದು ಸಲ ತೋರಿಸು.”

“ಮೇಡಂ, ಕಲ್ಪನೆ ನಂದು,” ಎಂದ ಟ್ರಿವಿಯಲ್. ದನಿ ಅವನಿಗೇ ಗುರುತು ಸಿಗದಷ್ಟು ಸಣ್ಣಗಿತ್ತು.

ಮೇಡಂ ಹಿಂದಕ್ಕೆ ತಿರುಗಿ ಅವನನ್ನು ನೋಡಿದರು. “ನೀನು ಹೇಳಿದ್ದು ತಪ್ಪು ಅಂತ ಅಲ್ವೇನಪ್ಪ ಅವಳು ಇಷ್ಟು ಹೊತ್ತು ತೋರಿಸಿದ್ದು?”

ಈ ಸಲ ಯಾರೂ ಬಾಯಿ ಮುಚ್ಚಿಕೊಂಡು ನಗಲಿಲ್ಲ. ಬೂಟಿನ ದಾರದಿಂದ ತಲೆ ಎತ್ತಿದ ಅಡಿಟಿಪ್ಪಣಿ ಎಲ್ಲರಿಗಿಂತ ಜೋರಾಗಿ ನಕ್ಕ. ಲೋಟಿನ್ಸ್ಕಿಯ ಬಗ್ಗೆ ತನಗೆ ಮೊದಲಿನಿಂದಲೂ ಅನುಮಾನವಿತ್ತು ಎಂದು ಪಕ್ಕದವನಿಗೆ ಹೇಳುತ್ತಿದ್ದದ್ದು ಟ್ರಿವಿಯಲ್‌ಗೂ ಕೇಳಿಸಿತು.

ಸೆಮಿನಾರು ಮುಗಿದ ಮೇಲೆ ಜನ ಬೋರ್ಡಿನ ಮುಂದೆ ಗುಂಪುಗಟ್ಟಿದರು. ಆಮೇಲೆ ಒಬ್ಬೊಬ್ಬರಾಗಿ ಕರಗಿದರು. ಟ್ರಿವಿಯಲ್ ಕೂತಲ್ಲೇ ಕೂತಿದ್ದ. ಎದ್ದು ಹೋಗುವುದಕ್ಕೆ ಬಾಗಿಲು ಅವರೆಲ್ಲರ ಆಚೆಗಿತ್ತು. ಬೆಸುಗೆ ಲ್ಯಾಪ್‌ಟಾಪು ಮುಚ್ಚಿ ಚೀಲ ಹೆಗಲಿಗೇರಿಸಿ ಅವನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಅವನ ಹತ್ತಿರ ಮಾತಿತ್ತು.

“ಪೇಪರಿನ ಕೊನೇಲಿ ಕೃತಜ್ಞತೆ ಅಂತ ಒಂದು ಸಾಲು ಇರತ್ತಲ್ಲ, ಅಲ್ಲಿ ನಿನ್ನ ಹಾಕ್ತೀನಿ ಕಣೋ,” ಎಂದಳು. “‘ಉಪಯುಕ್ತ ಮಾತುಕತೆಗಾಗಿ’ ಅಂತ.”

“ಬೇಡ.”

“ಸುಮ್ನಿರು, ನಿಂಗೂ ಎಲ್ಲಾದ್ರೂ ಒಂದು ಕಡೆ ಅಚ್ಚಾಗ್ಬೇಕಲ್ಲ.” ಅವಳು ಫೋನು ತೆಗೆದು ಬರೆದುಕೊಳ್ಳಲು ಬೆರಳು ಸಿದ್ಧಮಾಡಿದಳು. “ನಿನ್ನ ಪೂರ್ತಿ ಹೆಸರೇನು? ಟ್ರಿವಿಯಲ್ ಅಂತ ಕರೆದೂ ಕರೆದೂ ಮರೆತೇ ಹೋಗಿದೆ ನೋಡು.”

ಅವನು ಮುಖ ತಿರುಗಿಸಿಕೊಂಡ. ಅವಳು ಫೋನು ಚೀಲಕ್ಕೆ ಹಾಕಿ, “ಆಫೀಸಲ್ಲಿ ಕೇಳ್ತೀನಿ ಬಿಡು,” ಎಂದು ಹೊರಟುಹೋದಳು. ಕಾರಿಡಾರಿನಲ್ಲಿ ಅವಳ ಚಪ್ಪಲಿಯ ಸದ್ದು ಬೇಗ ಬೇಗ ದೂರವಾಯಿತು.

ಯಾರೋ ಹೋಗುವಾಗ ಫ್ಯಾನು ಆರಿಸಿದ್ದರು. ಕೋಣೆ ಬೆಚ್ಚಗಾಗುತ್ತಿತ್ತು. ಬೋರ್ಡು ಅಳಿಸದೆ ಹಾಗೇ ಉಳಿದಿತ್ತು. ಲೋಟಿನ್ಸ್ಕಿಯ ಹೆಸರಿದ್ದ ಮೇಲಿನ ಸಾಲು ಮಾತ್ರ ಒರಸಿ ಬೆಳ್ಳಗೆ ಮಸುಕಾಗಿತ್ತು. ಟ್ರಿವಿಯಲ್ ಬಾಗಿಲ ಕಡೆ ನೋಡಿದ. ಕಾರಿಡಾರು ಖಾಲಿ. ಅವನು ಎದ್ದು ಮುಂದಿನ ಸಾಲಿಗೆ ಬಂದು ಕೂತು, ಲೆಕ್ಕವನ್ನು ಮೊದಲಿನಿಂದ ಓದತೊಡಗಿದ. ಮೂರನೇ ಸಾಲಿಗೆ ಬಂದಾಗ ಕುರ್ಚಿಯನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡ. ಹೊಸದಾಗಿ ಓದು ಕಲಿಯುವವರ ಹಾಗೆ ಅವನ ತುಟಿ ಮೆಲ್ಲಗೆ ಅಲುಗುತ್ತಿತ್ತು.