ಟ್ರ್ಯಾಕ್ಟರಿನ ಟೈರು, ಏಪ್ರನ್ನಿನ ಕೀಲಿ

ತೋಟದ ಟ್ರ್ಯಾಕ್ಟರಿನ ಕೀಲಿ ಅಜ್ಜಿಯ ಏಪ್ರನ್ ಜೇಬು ಸೇರಿ ಇವತ್ತಿಗೆ ಒಂಬತ್ತು ದಿನ. ಜೇಬಿಗೆ ಪಿನ್ನು ಬೇರೆ. ಒಂಬತ್ತು ದಿನದಿಂದ ಡ್ರೈವರಜ್ಜ ಆ ಪಿನ್ನನ್ನೇ ನೋಡುತ್ತ ತಿಂಡಿ ತಿನ್ನುತ್ತಾನೆ, ಆ ಪಿನ್ನನ್ನೇ ನೋಡುತ್ತ ಊಟ ಮಾಡುತ್ತಾನೆ.

ಪಾಪ, ಅವನ ಪಾಡನ್ನೂ ಸ್ವಲ್ಪ ಕೇಳಿ. ನಲವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ರಿಟೈರಾದ ಮೇಲೆ ಮಗಳು ಕಾರು ಮಾರಿಸಿದಳು, ಡಾಕ್ಟರು ಸ್ಕೂಟರು ಬಿಡಿಸಿದರು. ಉಳಿದದ್ದು ಇದೊಂದೇ, ಮನೆ ಹಿಂದಿನ ಇಳಿಜಾರು ತೋಟದಲ್ಲಿ ಹುಲ್ಲು ಕತ್ತರಿಸುವ, ಪುಟ್ಟ ಟ್ರೇಲರ್ ಎಳೆಯುವ, ಕರುವಿನೆತ್ತರದ ಟ್ರ್ಯಾಕ್ಟರು. ಅದರ ಮೇಲೆ ಕೂತು ಸ್ಟೇರಿಂಗ್ ಹಿಡಿದರೆ ಸಾಕು, ಅಜ್ಜನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಬೇಲಿಯ ತಿರುವು ಬಂದರೆ ನರಪಿಳ್ಳೆ ಇಲ್ಲದಿದ್ದರೂ ಹಾರ್ನ್ ಹೊಡೆಯುತ್ತಿದ್ದ. ಆದರೆ ಹಿಂದೆ ತಿರುಗಿ ಮಾತ್ರ ನೋಡುತ್ತಿರಲಿಲ್ಲ. ಕೇಳಿದರೆ, "ಹಿಂದೆ ನೋಡೋದು ಕಂಡಕ್ಟರ್ ಕೆಲ್ಸ ಕಣೇ. ಅವನು ರೈಟ್ ಅಂದ್ರೆ ನಾನು ಹೊರಡೋದು, ಅಷ್ಟೇ" ಎನ್ನುತ್ತಿದ್ದ.

ಆವತ್ತು ಮಳೆ ನಿಂತು ನೆಲ ಇನ್ನೂ ಹಸಿ. ಟ್ರೇಲರಿನಲ್ಲಿ ಅಜ್ಜಿ, ಅವಳ ಮಡಿಲಲ್ಲಿ ಎರಡು ಟ್ರೇ ಟೊಮೆಟೊ ಸಸಿ. ಏರಿನ ಅರ್ಧಕ್ಕೆ ಬರುತ್ತಿದ್ದಂತೆ ಹಿಂದಿನ ಚಕ್ರಗಳು ಗರಗರ ತಿರುಗಿದವು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. "ರೀ, ನಿಲ್ಸಿ" ಅಂದಳು ಅಜ್ಜಿ. ಅಜ್ಜ ಇನ್ನಷ್ಟು ಒತ್ತಿದ. ಗಾಡಿ ಬಂದ ದಾರಿಯಲ್ಲೇ ಜಾರಿ, ಟ್ರೇಲರ್ ಅಡ್ಡಡ್ಡ ತಿರುಗಿ ನೀರಿನ ತೊಟ್ಟಿಗೆ ಬಡಿಯಿತು. ಸಸಿ ಮಣ್ಣುಪಾಲು. ಅಜ್ಜಿಯ ಬಲ ಮಣಿಕಟ್ಟು ಉಳುಕಿತು.

ಅವಳು ಅಳಲಿಲ್ಲ, ರೇಗಲಿಲ್ಲ. ಕೆಳಗಿಳಿದು ಬಂದು ಎಡಗೈಯಲ್ಲಿ ಕೀಲಿ ಕಿತ್ತುಕೊಂಡಳು.

"ಟೈರಿನ ತಪ್ಪೋ, ನಿಮ್ದೋ?"

"ಟೈರಿಂದೇ," ಅಂದ ಅಜ್ಜ, ಕಣ್ಣು ಮಿಟುಕಿಸುವಷ್ಟು ಹೊತ್ತೂ ತಗೊಳ್ಳದೆ. "ಗ್ರಿಪ್ಪೇ ಇಲ್ಲ ಅದ್ರಲ್ಲಿ."

"ಸರಿ, ಹೊಸ ಟೈರು ಹಾಕ್ಸಿ, ಕೀಲಿ ತಗೊಳ್ಳಿ. ನಿಮ್ಮ ತಪ್ಪು ಅಂತ ಗೊತ್ತಾಯ್ತೋ, ಗಾಡಿ ಮಾರಿಬಿಡ್ತೀನಿ. ಹಿಂದೆ ಕೂರೋಳು ನಾನು."

ಕಡ್ಡಿ ಮುರಿದಂತೆ ಹೇಳಿ ಒಳಗೆ ಹೋದಳು. ಅವಳು ಆಡಿದ ಮೇಲೆ ಮುಗಿಯಿತು. ಅಜ್ಜನಿಗಿಂತ ಚೆನ್ನಾಗಿ ಅದು ಇನ್ಯಾರಿಗೆ ಗೊತ್ತು?

ಅಂತೂ ಇವತ್ತು ಬೆಳಿಗ್ಗೆ ಟೈರಕ್ಕ ಬಂದಳು. ಮುಖ್ಯರಸ್ತೆಯಲ್ಲಿ ಟೈರಂಗಡಿ ಇಟ್ಟಿರುವ ಹೆಂಗಸು. ಅವಳ ನಿಜವಾದ ಹೆಸರು ಅವಳ ಗಂಡನಿಗಾದರೂ ನೆನಪಿದೆಯೋ ಇಲ್ಲವೋ. ವ್ಯಾನಿನಿಂದ ಎರಡು ಬಗೆಯ ಟೈರು ಉರುಳಿಸಿ ಗೋಡೆಗೆ ಒರಗಿಸಿದಳು. ಒಂದು, ಮೈತುಂಬ ದಪ್ಪ ದಪ್ಪ ಉಬ್ಬುಗೆರೆಗಳಿರುವ ಏಣಿನ ಟೈರು, ಈಗ ಗಾಡಿಯಲ್ಲಿರುವಂಥದ್ದೇ. ಇನ್ನೊಂದು ಸಣ್ಣ ಸಣ್ಣ ಬಿಲ್ಲೆಗಳ ಚಪ್ಪಟೆ ಟೈರು.

"ಚಪ್ಪಟೇದು ಹುಲ್ಲಿಗೆ ಒಳ್ಳೇದು ಅಜ್ಜಿ, ನೆಲ ಕೀಳಲ್ಲ," ಅಂದಳು ಟೈರಕ್ಕ.

"ಅದೇ ಇರ್ಲಿ. ಇವ್ರು ಉತ್ತಿದ್ದು ಸಾಕು, ನನ್ನ ಹುಲ್ಲಿನ ಮೇಲೆ."

"ಅದು ಏರು ಹತ್ತುತ್ತಾ?" ಅಜ್ಜ ಚಪ್ಪಟೆ ಟೈರನ್ನು ಬೆರಳಲ್ಲಿ ಒತ್ತಿ ಮುಖ ಸಿಂಡರಿಸಿದ. "ಇದೇನು ಟೈರೋ, ಮಕ್ಕಳ ಸೈಕಲ್ಲೋ? ಏಣಿಂದೇ ಬೇಕು."

"ಏಣಿಂದು ಹಾಕ್ಕೊಂಡೇ ಅಲ್ವಾ ತೊಟ್ಟಿಗೆ ಗುದ್ದಿದ್ದು?"

ಅಜ್ಜ ಚಪ್ಪಟೆ ಟೈರಿನಿಂದ ಬೆರಳು ತೆಗೆದ. ಅಜ್ಜಿ ಟೀ ತರಲು ಒಳಗೆ ಹೋದಳು. ಟೈರಕ್ಕ ಹಳೇ ಟೈರಿನ ಅಳತೆ ಓದಲು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಏಣಿನ ಸಂದಿಯಲ್ಲಿ ಹೆಬ್ಬೆರಳಿಟ್ಟಳು. ಉಗುರೆಲ್ಲ ಮುಳುಗಿತು, ಏಣು ಸವೆದೇ ಇಲ್ಲ. ಆಚೆ ಹೋಗಿ ಇನ್ನೊಂದನ್ನೂ ನೋಡಿ ಬಂದಳು.

"ಅಜ್ಜ, ಈ ಚಕ್ರ ಯಾರಾದ್ರೂ ಬಿಚ್ಚಿದ್ರಾ?"

"ನಾನೇ. ಹೋದ ತಿಂಗಳು." ಅಜ್ಜನಿಗೆ ಹೆಮ್ಮೆ. "ಬಸ್ಸಿಗೆ ನಾವು ಮಾಡ್ತಿರ್ಲಿಲ್ವಾ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ? ಒಂದೇ ಸಮ ಸವೀಲಿ ಅಂತ. ಇದಕ್ಕೂ ಮಾಡ್ದೆ. ಮುಂದಿನ ಚಕ್ರ ಗಿಡ್ಡ, ಇಲ್ದಿದ್ರೆ ಅದನ್ನೂ ಹಿಂದಕ್ಕೆ ಹಾಕ್ತಿದ್ದೆ."

ಟೈರಕ್ಕ ನಗಲಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ಬಾಣದ ಗುರುತಿನ ಮಣ್ಣು ಒರೆಸಿ ತೋರಿಸಿದಳು. ಬಾಣ ಹಿಂದಕ್ಕೆ ತಿರುಗಿತ್ತು.

"ಬಸ್ಸಿನ ಟೈರಲ್ಲ ಅಜ್ಜ ಇದು. ಇದಕ್ಕೆ ದಿಕ್ಕಿದೆ. ಮುಂದೆ ಹೋಗುವಾಗ ಕೆಸರನ್ನ ಪಕ್ಕಕ್ಕೆ ತಳ್ಬೇಕು. ನೀವು ತಿರುಗಿಸಿದ್ದಕ್ಕೆ ಎಲ್ಲಾ ಒಳಗೇ ಮೆತ್ಕೊಂಡಿದೆ. ಟೈರು ಇನ್ನೂ ಮೂರು ವರ್ಷ ಬರುತ್ತೆ." ಆಮೇಲೆ ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದಳು. "ಹೊಸದು ಬೇಕಂದ್ರೆ ಕೊಡ್ತೀನಿ. ಬೇಡಾಂದ್ರೆ ಇದನ್ನೇ ಅದಲು ಬದಲು ಮಾಡಿ ಹೋಗ್ತೀನಿ. ಅಜ್ಜಿ ಹತ್ರ ನೀವೇ ಮಾತಾಡ್ಕೊಳ್ಳಿ."

ಅಜ್ಜನಿಗೆ ಮಾರಿಹೋಗುವ ಗಾಡಿಯೇ ಕಣ್ಮುಂದೆ ಬಂತು. ಆದರೆ ಅದರ ಹಿಂದೆಯೇ ಒಂದು ಆಸೆಯೂ ಬಂತು ನೋಡಿ. ಹೊಸ ಟೈರು ಹಾಕಿಸಿಬಿಟ್ಟರೆ? ಗಾಡಿ ಏರು ಹತ್ತುತ್ತೆ, ಕೀಲಿ ಕೈಗೆ ಬರುತ್ತೆ, ತಪ್ಪು ಹಳೇ ಟೈರಿನ ಜೊತೆ ವ್ಯಾನು ಹತ್ತಿ ಹೋಗುತ್ತೆ. ಬಾಯಿ ಬಿಡುವವರು ಯಾರೂ ಇಲ್ಲ. ಹೂಂ ಅನ್ನುವುದೊಂದೇ ಬಾಕಿ.

ಅಷ್ಟರಲ್ಲಿ ಅಜ್ಜಿ ಬಂದಳು. ಬಲ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಎಡಗೈ ಒಂದರಲ್ಲೇ ಟ್ರೇ ಹಿಡಿದು, ಚೆಲ್ಲದ ಹಾಗೆ ಹೆಜ್ಜೆ ಲೆಕ್ಕ ಹಾಕಿ ಇಡುತ್ತ ಬರುತ್ತಿದ್ದಳು. ಒಂಬತ್ತು ದಿನ ಅಜ್ಜ ಬರೀ ಪಿನ್ನು ನೋಡಿದ್ದ. ಆ ಕೈ ನೋಡಿದ್ದು ಇವತ್ತೇ. ಮುಂದೆ ಹೋಗಿ ಟ್ರೇ ಇಸಿದುಕೊಂಡ.

"ಯಾವ್ದಂತೆ ಟೈರು?" ಕೇಳಿದಳು.

"ಯಾವ್ದೂ ಬೇಡ," ಅಂದ ಅಜ್ಜ. "ಟೈರು ಚೆನ್ನಾಗೇ ಇದೆ. ನೀನು ನಿಮ್ಮಕ್ಕನ ಮನೆಗೆ ಹೋಗಿದ್ದಾಗ ನಾನೇ ಬಿಚ್ಚಿ ಉಲ್ಟಾ ಹಾಕಿದ್ದೆ. ತಪ್ಪು ನಂದೇ. ಗಾಡಿ ಮಾರೋದಾದ್ರೆ ಮಾರು."

ಟೈರಕ್ಕ ಲೋಟದೊಳಗೆ ಮುಖ ಹುದುಗಿಸಿಕೊಂಡು ಟೀ ಕುಡಿದಳು.

"ಮಾರೋ ಮಾತು ಆಮೇಲೆ. ಮೊದ್ಲು ಚಕ್ರ ಸರಿ ಮಾಡಮ್ಮ," ಅಂದಳು ಅಜ್ಜಿ ಟೈರಕ್ಕನಿಗೆ.

ಅರ್ಧ ಗಂಟೆಯಲ್ಲಿ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಬಂತು. ವ್ಯಾನು ಹೋದ ಮೇಲೆ ಅಜ್ಜಿ ಪಿನ್ನು ಬಿಚ್ಚಿ ಕೀಲಿ ತೆಗೆದಳು. ಅಜ್ಜನ ಕೈ ತಾನಾಗಿ ಮುಂದೆ ಬಂತು. ಅವಳು ಅದನ್ನು ನೋಡದವಳ ಹಾಗೆ ತಾನೇ ಗಾಡಿ ಹತ್ತಿ, ಎಡಗೈಯಲ್ಲಿ ಸ್ಟೇರಿಂಗ್ ಹಿಡಿದು ಕೂತಳು.

"ಹಿಂದೆ ಕೂತ್ಕೊಳ್ಳಿ."

"ನಿಂಗೆಲ್ಲಿ ಬರುತ್ತೆ?"

"ಈ ಗಾಡಿ ಬಂದಾಗಿಂದ ಹನ್ನೊಂದು ವರ್ಷ ನೋಡಿದ್ದೀನಿ. ಕೂತ್ಕೊಳ್ಳಿ."

ಅಜ್ಜ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಟ್ರೇಲರಿನಲ್ಲಿ ಕುಕ್ಕರಿಸಿದ. ಗಾಡಿ ಎರಡು ಸಲ ಎಗರಿ ಹೊರಟಿತು. ಏರು ಶುರುವಾದಾಗ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತತೊಡಗಿತು. ಮುಂದೆ ಏನಿದೆಯೋ ಒಂದೂ ಕಾಣದು. ಕಲ್ಲು ಬಂತೋ, ಗುಂಡಿ ಬಂತೋ, ಆಮೆಯಂತೆ ಕೂತು ಟ್ರೇಲರಿನ ಅಂಚು ಹಿಡಿಯುವುದೊಂದೇ ಅವನ ಪಾಲಿನ ಕೆಲಸ. ಬೆವರಿದ. ನಿಜವಾಗಿಯೂ ಹೆದರಿದ. ಟೈರು ಮಾತ್ರ ಕಚ್ಚಿ ಹಿಡಿದು ಮೇಲೇರಿತು.

ಮೇಲೆ ಹೋಗಿ ಅಜ್ಜಿ ಗಾಡಿ ನಿಲ್ಲಿಸಿದಳು. "ಹೇಗಿತ್ತು?"

"ಏನೂ ಕಾಣಲ್ಲ ಕಣೇ. ನಿನ್ನ ಬೆನ್ನೊಂದೇ ಕಾಣೋದು."

"ನಂಗೂ ಅಷ್ಟೇ ಕಾಣ್ತಿದ್ದಿದ್ದು," ಅಂದಳು.

ಅವಳು ಕೀಲಿ ಚಾಚಿದಳು. ಅಜ್ಜ ಇಸಿದುಕೊಂಡು ಸೀಟಿಗೆ ಹತ್ತಿದ. ಕೀಲಿ ಹಾಕಿದ, ಆದರೆ ತಿರುಗಿಸಲಿಲ್ಲ. ನಲವತ್ತು ವರ್ಷದಲ್ಲಿ ಮಾಡದ ಕೆಲಸ ಮಾಡಿದ. ಸೊಂಟ ಹಿಡಿದುಕೊಂಡು ಪೂರ್ತಿ ಹಿಂದಕ್ಕೆ ತಿರುಗಿದ. ಅಜ್ಜಿ ಕೂತಳು, ಏಪ್ರನ್ ಸರಿಮಾಡಿಕೊಂಡಳು, ಎಡಗೈಯಲ್ಲಿ ಅಂಚು ಹಿಡಿದಳು. ಅವನು ನೋಡುತ್ತಲೇ ಇದ್ದ.

"ರೈಟ್," ಅಂದಳು ಅಜ್ಜಿ.