ಹಿಟ್ಟಿಗೊಂದು ನ್ಯಾಯ, ಮಾತಿಗೊಂದು ನ್ಯಾಯ

ಚೆಂಬೂರು ಸ್ಟೇಷನ್ನಿನ ಎದುರಿಗಿದ್ದ ಕಾಂತಪ್ಪನವರ ಹೋಟೆಲಿಗೆ ಸಂಶೋಧನೆಗೆಂದು ಇಬ್ಬರು ಬರುತ್ತಿದ್ದರು. ಒಬ್ಬರು ಮೈಸೂರಿನ ಕಡೆಯ ಸೀತಾರಾಮ, ರಸಾಯನಶಾಸ್ತ್ರದವರು. ದೋಸೆ ಹಿಟ್ಟು ಹುಳಿಯಾಗುವಾಗ ಅದರೊಳಗೆ ಏನೇನು ನಡೆಯುತ್ತದೆ ಎಂಬುದು ಅವರ ವಿಷಯ. ಗಾಜಿನ ಬಾಟಲಿ ಹಿಡಿದು ಅವರು ಮೆಟ್ಟಿಲು ಹತ್ತಿದರೆ ಸಾಕು, ಕಾಂತಪ್ಪನವರು ಗಲ್ಲಾ ಬಿಟ್ಟೆದ್ದು, ಕುರ್ಚಿಯನ್ನು ತಾವೇ ಒರೆಸಿ, "ಸೈಂಟಿಸ್ಟರು ಬಂದರು, ದಾರಿ ಬಿಡಿ" ಎನ್ನುತ್ತಿದ್ದರು. ಇನ್ನೊಬ್ಬಳು ವಿನೋದಿನಿ, ಕಾಂತಪ್ಪನವರ ಸ್ವಂತ ತಂಗಿಯ ಮಗಳು, ಎಂ.ಎ. ಮುಗಿಸಿ ಭಾಷಾಶಾಸ್ತ್ರ ಹಿಡಿದವಳು. ಅವಳು ಬಂದರೆ, "ಓ, ಬಂದಳು ನೋಡಿ ನಮ್ಮ ಪಂಡಿತೆ, ಹುಡುಗರು ಬೊಬ್ಬೆ ಹೊಡೆಯುವುದನ್ನು ಕೇಳಲಿಕ್ಕೆ" ಎಂದು ಗಿರಾಕಿಗಳ ಮುಂದೆಯೇ ನಗೆಚಾಟಿಕೆ. ಒಂದೇ ಹೋಟೆಲು, ಒಂದೇ ಅಡಿಗೆಮನೆ! ಹುಳಿಹಿಟ್ಟಿಗಿರುವ ಮರ್ಯಾದೆ ಮನುಷ್ಯರ ಮಾತಿಗಿಲ್ಲವೆಂದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

ವಿನೋದಿನಿ ಹಿಡಿದದ್ದೇನು ಸಾಮಾನ್ಯ ವಿಷಯವಲ್ಲ. ಹತ್ತಿರದಲ್ಲೇ ರಿಫೈನರಿ ಎದ್ದ ಮೇಲೆ ಆ ಹೋಟೆಲಿಗೆ ಮರಾಠಿಯವರು, ಸಿಂಧಿಗಳು, ಪಂಜಾಬಿಗಳು, ತಮಿಳರು ಎಲ್ಲರೂ ಬರುತ್ತಿದ್ದರು. ಬಡಿಸುವವರೆಲ್ಲ ಉಡುಪಿಯ ಕಡೆಯವರು. ಈ ನೂಕುನುಗ್ಗಲಿನಲ್ಲಿ ಹೊಸದೊಂದು ಭಾಷೆಯೇ ಹುಟ್ಟಿಬಿಟ್ಟಿತ್ತು. "ದೋನ್ ಇಡ್ಲಿ ಬೇಗ ಕೊರ್ಲ, ಕ್ಯಾ ಸೋತಾ ಹೈ!" ಎಂದು ಸಪ್ಲಾಯರ್ ಚೆನ್ನಯ ಅಡಿಗೆಮನೆಗೆ ಕೂಗಿದರೆ, ಎಣಿಕೆ ಮರಾಠಿ, ತಿಂಡಿ ಕನ್ನಡ, ಕೊಡು ಎನ್ನುವುದು ತುಳು, ಬೈಗುಳ ಹಿಂದಿ. ಯಾರು ಕೂಗಿದರೂ, ಎಷ್ಟು ಸಲ ಕೂಗಿದರೂ ಈ ಕ್ರಮ ತಪ್ಪುತ್ತಿರಲಿಲ್ಲ. ಯಾರೂ ಕಲಿಸದ, ಯಾರೂ ಬರೆಯದ ವ್ಯಾಕರಣ! ಅದು ಹೊಳೆದ ದಿನ ವಿನೋದಿನಿಗೆ ಖುಷಿಯಲ್ಲಿ ಊಟವೇ ಸೇರಿರಲಿಲ್ಲ.

ಆದರೆ ಅವಳಿಗೆ ಮಾರ್ಗದರ್ಶಕರಾಗಬೇಕಿದ್ದ ಪ್ರೊಫೆಸರ್ ಸಿದ್ದರಾಮಪ್ಪನವರು ಧಾರವಾಡದ ಕಡೆಯವರು, ಶಾಸನಗಳನ್ನು ಓದಿ ಹೆಸರು ಮಾಡಿದವರು. "ಹೋಟೆಲಿನ್ಯಾಗ ಒದರೂದಂದ್ರ ಸಂಶೋಧನಾ ಏನವಾ? ಒಂದು ಛಲೋ ಶಾಸನ ತಗೋ" ಎಂದಿದ್ದರು. ಅವಳು ಪಟ್ಟು ಬಿಡಲಿಲ್ಲ. ಕೊನೆಗೆ ಅವರೇ ಬೇಸತ್ತು, "ಆತು, ಶನಿವಾರ ಬಂದು ನಾನ ಕೇಳ್ತೀನಿ. ನೀ ಹೇಳಿದ್ದು ಖರೇ ಇದ್ರ ನಿನ್ನ ಪಿಎಚ್.ಡಿ. ಅರ್ಜಿಗೆ ಸಹಿ ಹಾಕ್ತೀನಿ. ಇಲ್ಲಂದ್ರ ಮತ್ತ ಈ ಮಾತು ಎತ್ತಬ್ಯಾಡ" ಎಂದರು. ಸಹಿ ಬೀಳದಿದ್ದರೆ ಅವಳ ಓದು ಅಲ್ಲಿಗೇ ಮುಗಿದಂತೆ. ಬೊರಿವಲಿಯ ಶಾಲೆಯೊಂದರಲ್ಲಿ ಟೀಚರ್ ಕೆಲಸಕ್ಕೆ ಅಪ್ಪ ಆಗಲೇ ಮಾತಾಡಿ ಬಂದಿದ್ದರು.

ಪ್ರೊಫೆಸರರು ಬರುವ ಸುದ್ದಿಯನ್ನು ವಿನೋದಿನಿ ಮಾಮನಿಗೆ ಹೇಳಿದಳು. ಅದೇ ತಪ್ಪಾಯಿತು.

ಶನಿವಾರ ಮಧ್ಯಾಹ್ನ ಪ್ರೊಫೆಸರರನ್ನು ಕರೆದುಕೊಂಡು ಹೋಟೆಲಿಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟಳು. ಹುಡುಗರೆಲ್ಲ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಗೋಡೆಗೆ ಒತ್ತಿ ನಿಂತಿದ್ದರು. ಕಪ್ಪುಬಸಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ದಿನವೂ ಮಾಡು ಹಾರಿಹೋಗುವಂತೆ ಕೂಗುವ ಚೆನ್ನಯ ಯಕ್ಷಗಾನದ ಮಂತ್ರಿಯ ಹಾಗೆ ಕೈಮುಗಿದು ಬಂದು, "ಮಾನ್ಯರೇ, ತಾವು ಏನನ್ನು ಸ್ವೀಕರಿಸುವಿರಿ?" ಎಂದ. ಆಮೇಲೆ ಅಡಿಗೆಮನೆಯ ಬಾಗಿಲಿಗೆ ಮೆಲ್ಲಗೆ ಹೋಗಿ, "ಎರಡು ಇಡ್ಲಿಗಳನ್ನು ದಯಪಾಲಿಸಬೇಕು" ಎಂದು ಪಿಸುಗುಟ್ಟಿದ.

ಕಾಂತಪ್ಪನವರು ಹಲ್ಲು ಬಿಟ್ಟುಕೊಂಡು ಸೋದರಸೊಸೆಯ ಕಿವಿಯಲ್ಲಿ, "ಹೇಗೆ? ಹಗಲೂ ರಾತ್ರಿ ಬಾಯಿಪಾಠ ಮಾಡಿಸಿದ್ದೇನೆ ಮಾರಾಯ್ತಿ. ನಮ್ಮ ಹೋಟೆಲಿನದ್ದು ಬೆರಕೆ ಮಾತು ಅಂತ ದೊಡ್ಡವರು ಆಡಿಕೊಳ್ಳಬಾರದಲ್ಲ" ಎಂದರು.

ಪ್ರೊಫೆಸರರು ಇಡ್ಲಿ ಮುಗಿಸಿ ಚೀಲ ಹೆಗಲಿಗೇರಿಸಿದರು. "ಇಲ್ಲಿ ಎಲ್ಲಾರೂ ನನಗಿಂತ ಛಲೋ ಕನ್ನಡ ಮಾತಾಡ್ತಾರಲ್ಲವಾ. ನಿನ್ನ ಹೊಸಾ ಭಾಷಾ ಎಲ್ಲದ?"

ವಿನೋದಿನಿಯ ಮೈಯೆಲ್ಲ ಉರಿದುಹೋಯಿತು. ಗಿರಾಕಿಗಳಿದ್ದಾರೆ, ಗುರುಗಳಿದ್ದಾರೆ ಎಂಬ ಎಚ್ಚರವೂ ಉಳಿಯಲಿಲ್ಲ.

"ದೋನ್ ವರ್ಷ ಇಲ್ಲಿ ಕೂತು ಕೇಳಿದ್ದೇನೆ ಮಾಮ! ದಾನೆ ಮಲ್ತರ್ ಈರ್? ಸಬ್ ಬರ್ಬಾದ್ ಕರ್ ದಿಯಾ!" ಎಂದು ಕಿರುಚಿದಳು. ಏನು ಮಾಡಿದಿರಿ, ಎಲ್ಲ ಹಾಳು ಮಾಡಿದಿರಿ ಎನ್ನಲು ಅವಳ ಬಾಯಿಗೂ ಬಂದದ್ದು ಅದೇ ಭಾಷೆ. "ಸೀತಾರಾಮರು ಬಾಟಲಿ ತಂದಾಗ, ದೊಡ್ಡವರು ಬಂದಿದ್ದಾರೆ, ಇವತ್ತು ಹುಳಿಯಾಗಬೇಡ ಅಂತ ಹಿಟ್ಟಿಗೆ ಹೇಳಿದ್ರಾ? ಹಿಟ್ಟು ಇದ್ದ ಹಾಗೇ ಇರಬೇಕು, ಮಾತಿಗೆ ಮಾತ್ರ ಇಸ್ತ್ರಿ ಹಾಕಬೇಕಾ? ನಿಮ್ಮ ಬಾಯಿಯ ಮಾತು ಅಂದ್ರೆ ನಿಮಗೇ ನಾಚಿಕೆಯಾ?"

ಕಾಂತಪ್ಪನವರ ಮುಖ ಕೆಂಪೇರಿತು. "ಬಾಯಿ ಮುಚ್ಚು! ನಿನ್ನ ಮಾನ ಉಳಿಸಲಿಕ್ಕೇ ಮಲ್ತಿನಿ, ಸಮಝೀ ಕ್ಯಾ?" ಎಂದು ಅವರೂ ಗುಡುಗಿದರು.

ಈ ಗಲಾಟೆಯಲ್ಲಿ ತಿಂಡಿ ತಣ್ಣಗಾಗುತ್ತಿತ್ತು. ಒಳಗಿನ ಭಟ್ಟನಿಗೆ ತಡೆಯಲಾಗಲಿಲ್ಲ. "ತೀನ್ ವಡೆ ಕೊನೊಲ, ಮರ್ ಗಯಾ ಕ್ಯಾ!" ಎಂದು ಕೂಗಿದ. ಚೆನ್ನಯನ ಬಾಯಿಪಾಠ ಎಲ್ಲಿ ಹೋಯಿತೋ, "ಚಾರ್ ಕಾಫಿ ಬೋಡು, ಚಿಲ್ಲಾತಾ ಕ್ಯೂಂ ಹೈ!" ಎಂದು ತಿರುಗಿ ಅರಚಿದ. ಅಷ್ಟೇ. ಉಳಿದವರ ಬಾಯಿಗಳೂ ಒಂದೊಂದಾಗಿ ಬಿಚ್ಚಿಕೊಂಡು ಹೋಟೆಲು ಎಂದಿನ ಹೋಟೆಲಾಯಿತು.

ಪ್ರೊಫೆಸರರು ಹೆಗಲಿನ ಚೀಲ ಇಳಿಸಿ ಮತ್ತೆ ಕೂತರು. ಕಣ್ಣು ಮುಚ್ಚಿ, ಬೆರಳು ಮಡಿಸುತ್ತ, "ಮರಾಠಿ, ಕನ್ನಡ, ತುಳು, ಹಿಂದಿ... ಮತ್ತ ಅದ ಕ್ರಮ! ಎಲಾ ಇದರ!" ಎಂದು ಗೊಣಗಿಕೊಂಡರು. ಬಹಳ ಹೊತ್ತು ಹಾಗೇ ಕೇಳಿದರು. ಆಮೇಲೆ ಕಣ್ಣು ತೆರೆದು, "ಖರೇ ಅದವಾ. ಭಾಳ ದೊಡ್ಡ ವಿಷಯ" ಎಂದರು. ವಿನೋದಿನಿಯ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವರೇ ಮುಂದುವರಿಸಿದರು. "ಆದ್ರ ಅಡಿಗಿಮನ್ಯಾಗ ಗಂಡಸರ ನಡುವ ಹೆಣ್ಣಮಗಳು ಕುಂಡ್ರೂದು ಚೆಂದಲ್ಲ. ನನ್ನ ಇನ್ನೊಬ್ಬ ವಿದ್ಯಾರ್ಥಿ ಅದಾನ, ಇದನ್ನ ಅವಗ ಕೊಡ್ತೀನಿ. ನೀ ಹೆಂಗಸರ ಹಾಡು ಗೀಡು ಏನರ ನೋಡು."

ಹೇಳಿ, ಇದಕ್ಕೇನನ್ನಬೇಕು? ಕೆಲಸಕ್ಕೆ ಬಾರದ್ದು ಎಂದಿರುವಷ್ಟು ದಿನ ಅದು ಅವಳದಾಗಿತ್ತು. ದೊಡ್ಡದು ಎಂದು ಗೊತ್ತಾದ ಕೂಡಲೇ ಬೇರೆ ಯಾರದೋ ಆಯಿತು!

ಈ ಸಲ ಎದ್ದವರು ಕಾಂತಪ್ಪನವರು. ಗಲ್ಲಾದಿಂದ ಇಳಿದು ಬಂದು ಪ್ರೊಫೆಸರರ ಮೇಜಿನ ಮೇಲೆ ಎರಡೂ ಕೈ ಊರಿದರು.

"ಬರಲಿ ಸ್ವಾಮಿ, ನಿಮ್ಮ ವಿದ್ಯಾರ್ಥಿ ಬರಲಿ. ಬಂದ ದಿನವೆಲ್ಲ ನನ್ನ ಹುಡುಗರು 'ದಯಪಾಲಿಸಬೇಕು' ಅಂತಲೇ ಹೇಳುತ್ತಾರೆ. ವರ್ಷಗಟ್ಟಲೆ ಕೂತರೂ ಅವನ ಕಿವಿಗೆ ಬೇರೊಂದು ಶಬ್ದ ಬೀಳಲಿಕ್ಕಿಲ್ಲ. ಇದು ನನ್ನ ಅಡಿಗೆಮನೆ. ಇಲ್ಲಿ ಕೂರುವವಳು ಇವಳು."

ಪ್ರೊಫೆಸರರು ಚೆನ್ನಯನ ಕಡೆ ನೋಡಿದರು. ಚೆನ್ನಯ ಹೌದೆಂದು ತಲೆಯಾಡಿಸಿದ.

ವಿನೋದಿನಿ ಕಣ್ಣೊರೆಸಿಕೊಂಡು ಅರ್ಜಿಯನ್ನು ಅವರ ಮುಂದೆ ಹರವಿದಳು. "ಹೆಸರು ನನ್ನದೇ ಬರೆದಿದ್ದೇನೆ ಸರ್. ನಿಮ್ಮದು ಸಹಿ ಮಾತ್ರ."

ಅವರು ಸಹಿ ಹಾಕಿದರು. ಎದ್ದು ಸ್ಟೇಷನ್ನಿನ ಕಡೆ ನಡೆದರು.

ಕಾಂತಪ್ಪನವರು ಎದೆಯುಬ್ಬಿಸಿ ಸೊಸೆಯ ಕಡೆ ತಿರುಗಿದರು. "ಆಯಿತಲ್ಲ? ಈಗಲಾದರೂ ಸಿಟ್ಟು ಇಳಿಯಿತಾ?"

"ಇಲ್ಲ ಮಾಮ," ಎಂದಳು ವಿನೋದಿನಿ. "ಅವರ ಮೇಲೂ ಇಳಿದಿಲ್ಲ, ನಿಮ್ಮ ಮೇಲೂ ಇಳಿದಿಲ್ಲ."