ಕದ್ದು ಕೊಡುವ ಮದ್ದು

ಕ್ಷೌರಿಕನ ಕೈ ನಡುಗಿದರೆ ಗಿರಾಕಿ ನಿಲ್ಲುತ್ತಾನೆಯೇ? ಬಂದವರೆಲ್ಲ ಈಗ "ಕೂದಲು ಮಾತ್ರ ಸಾಕಪ್ಪ, ಗಡ್ಡ ಮನೇಲೇ ಮಾಡ್ಕೋತೀನಿ" ಎನ್ನುತ್ತಿದ್ದರು. ಅಂಗಡಿಯ ಹಿಂದಿನ ಮನೆಯಲ್ಲೇ ಇದ್ದ ಅವನ ಅಕ್ಕನಿಗೆ ಅದೆಲ್ಲ ಕೇಳಿಸುತ್ತಿತ್ತು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಬೆಳಿಗ್ಗೆ ಎದ್ದು ಒಂದು ಗುಟುಕು ಸಾರಾಯಿ ಇಳಿಸದೆ ಅವನಿಗೆ ಕತ್ತರಿ ಹಿಡಿಯಲೂ ಆಗುತ್ತಿರಲಿಲ್ಲ. ಹೀಗೇ ಬಿಟ್ಟರೆ ತಮ್ಮ ಉಳಿಯುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಬೈದಳು, ಅತ್ತಳು, ಆಣೆ ಮಾಡಿಸಿದಳು. ಅವನ ಆಣೆಗಳೆಲ್ಲ ಸಂಜೆಯ ತನಕ ಅಷ್ಟೇ. ಕೊನೆಗೆ ಯಾರದೋ ಮಾತು ಕೇಳಿ ಕುಡಿತ ಬಿಡಿಸುವ ಪುಡಿ ತರಿಸಿದಳು. ಪಕ್ಕದ ಮನೆಯ ನರ್ಸ್‌ಗೆ ಅದನ್ನು ಗುಟ್ಟಾಗಿ ತೋರಿಸಿದಳು.

"ಊಟದಲ್ಲಿ ಬೆರೆಸಿಬಿಡ್ತೀನಿ. ಅವನಿಗೆ ಗೊತ್ತೇ ಆಗಲ್ಲ."

"ಅಯ್ಯೋ, ಬೇಡಿ ಅಕ್ಕಾ! ಇದರಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೆಲವು ಔಷಧಿ ಮೈಯಲ್ಲಿರುವಾಗ ಕುಡಿದ್ರೆ ಜೀವಕ್ಕೇ ಅಪಾಯ. ಮದ್ದು ಹಾಕಿರೋದು ಗೊತ್ತಿಲ್ಲದವರು ಕುಡೀದೆ ಇರ್ತಾರಾ?"

ಅಕ್ಕ ಪುಡಿಯ ಪೊಟ್ಟಣವನ್ನು ತಟ್ಟನೆ ಕೆಳಗಿಟ್ಟಳು. ಆದರೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು. "ಹೇಳಿದ್ರೆ ಕೇಳೋನಾ ಅವನು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?"

"ಅವರು ಮರ ಅಲ್ಲ ಅಕ್ಕಾ, ಮನುಷ್ಯ. ಇದು ಕೊಬ್ಬಲ್ಲ, ಕಾಯಿಲೆ. ಕುಡಿದಾಗ ಜಗಳ ಬೇಡ, ನೆಟ್ಟಗಿರುವಾಗ ಮಾತಾಡಿ. ಅವರ ಮಾತನ್ನೂ ಕೇಳಿ. ಇಲ್ಲಿ ತನಕ ನೀವು ಕೇಳಿದ್ದು ಕಡಿಮೆ, ಹೇಳಿದ್ದೇ ಜಾಸ್ತಿ" ಎಂದು ನರ್ಸ್ ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ, ಆದರೆ ಮಾತು ಮನಸ್ಸಿಗೆ ನಾಟಿತು.

ಮರುದಿನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅವಳು ಗಿರಾಕಿಗಳ ಕುರ್ಚಿಯಲ್ಲಿ ಹೋಗಿ ಕುಳಿತಳು.

"ನಿನ್ನ ಊಟಕ್ಕೆ ಕದ್ದು ಮದ್ದು ಹಾಕೋಕೆ ಹೊರಟಿದ್ದೆ ಕಣೋ. ತಪ್ಪಾಯ್ತು. ನಿನ್ನನ್ನ ಕಳ್ಕೋತೀನಿ ಅಂತ ಭಯ ನನಗೆ."

"ಅಷ್ಟೂ ನಂಬಿಕೆ ಇಲ್ವಾ ನನ್ನ ಮೇಲೆ?" ಎಂದು ತಮ್ಮ ಸಿಡುಕಿದ.

ನಾಲಿಗೆಯ ತುದಿಯಲ್ಲಿ ನೂರು ಉತ್ತರವಿತ್ತು. ಎಲ್ಲ ನುಂಗಿಕೊಂಡು, "ನೀನೇ ಹೇಳು, ಕೇಳ್ತೀನಿ" ಎಂದಳು. ಅವನು ಬಾಯಿಬಿಟ್ಟ.

"ನಾನೂ ಬಿಡೋಕೆ ನೋಡ್ದೆ ಅಕ್ಕಾ. ಮೈಯೆಲ್ಲ ಬೆವರಿ, ನಡುಗಿ, ಇಲ್ಲದ್ದೆಲ್ಲ ಕಾಣಿಸೋಕೆ ಶುರುವಾಯ್ತು. ಸತ್ತೇ ಹೋಗ್ತೀನಿ ಅನ್ನಿಸ್ತು. ಅದಕ್ಕೇ ಮತ್ತೆ ಕುಡಿದೆ."

ಇದನ್ನೆಲ್ಲ ಅವಳು ಹಟ ಎಂದುಕೊಂಡಿದ್ದಳು. ಅವನೊಬ್ಬನೇ ಅನುಭವಿಸಿದ್ದನ್ನು ನೆನೆದು ಅಳು ಉಕ್ಕಿಬಂತು.

ಅಕ್ಕ ಕರೆದದ್ದಕ್ಕೆ ನರ್ಸ್ ಬಂದು ಅವನಿಗೇ ಹೇಳಿದಳು: "ತುಂಬ ದಿನದಿಂದ ದಿನಾ ಕುಡಿಯೋರು ತಟ್ಟನೆ ನಿಲ್ಲಿಸಬಾರದು, ಫಿಟ್ಸ್ ಬರಬಹುದು. ಆ ನಡುಕಕ್ಕೂ ಆಸ್ಪತ್ರೆಯಲ್ಲಿ ಔಷಧಿ ಇದೆ. ಒಂದು ಸಲ ಡಾಕ್ಟರ ಹತ್ರ ಮಾತಾಡಿ. ಮುಂದಿನದು ನಿಮ್ಮಿಷ್ಟ."

ಅವನು ತಕ್ಷಣ ಹೂಂ ಎನ್ನಲಿಲ್ಲ. ಅಕ್ಕ ಆಗಾಗ ನೆನಪಿಸಿದಳು, ಪೀಡಿಸಲಿಲ್ಲ. ಅವಳ ಮಟ್ಟಿಗೆ ಅದೂ ಒಂದು ತಪಸ್ಸೇ. ಕೊನೆಗೊಂದು ದಿನ ಅವನೇ ಕೇಳಿದ: "ಜೊತೆಗೆ ಬರ್ತೀಯಾ ಅಕ್ಕಾ? ಒಬ್ಬನೇ ಹೋಗೋಕೆ ಧೈರ್ಯ ಸಾಲ್ತಿಲ್ಲ."

ಆಸ್ಪತ್ರೆಯಲ್ಲಿ ಡಾಕ್ಟರು, "ಯಾರು ಕರ್ಕೊಂಡು ಬಂದ್ರು?" ಎಂದು ಕೇಳಿದರು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ತಮ್ಮ ಹೇಳಿದ:

"ಯಾರೂ ಇಲ್ಲ ಸಾರ್, ನಾನೇ ಬಂದೆ. ಇವಳು ನಮ್ಮಕ್ಕ. ಜೊತೆಗಿದ್ದಾಳೆ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಪಕ್ಕದಲ್ಲೇ ಕುಳಿತಳು.

ನಿಮ್ಮ ಮನೆಯಲ್ಲೂ ಇಂಥ ತಮ್ಮನೋ ಗಂಡನೋ ಮಗಳೋ ಇರಬಹುದು. ಅವರಿಗೆ ಗೊತ್ತಿಲ್ಲದೆ ಮದ್ದು ಹಾಕಬೇಡಿ. ಒಮ್ಮೆಲೇ ಬಿಡು ಎಂದು ಕೂಡಿಹಾಕಬೇಡಿ. ನೆಟ್ಟಗಿರುವಾಗ ಮಾತಾಡಿ, ಹತ್ತಿರದ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ನಡುವೆ ಜಾರಿದರೆ ಸೋತೆವೆಂದುಕೊಳ್ಳದೆ ಮತ್ತೆ ಹೋಗಿ. ಒಪ್ಪಬೇಕಾದವರು ಅವರು, ಒಪ್ಪುವಷ್ಟು ಧೈರ್ಯ ತುಂಬಬೇಕಾದವರು ನೀವು.